ಒಂದೇ ರೆಸಾರ್ಟಿನಲ್ಲಿ ಹತ್ತು ಕೋರ್ಸ್: ನಿಮ್ಮ ತಪ್ಪಿದ ಹೊಡೆತಕ್ಕೆ ಯಾವುದು ಸರಿ?

ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ, ಸಿಡ್ಕೊದ ಖಾರ್‌ಘರ್ ವ್ಯಾಲಿ, ಯೆರವಡಾದ ಪೂನಾ ಕ್ಲಬ್. ಮುಂಬೈ-ಪುಣೆಯ ಕನ್ನಡಿಗ ಗಾಲ್ಫರುಗಳಲ್ಲಿ ಹೆಚ್ಚಿನವರು ವಾರವಾರವೂ ಇಂಥ ಒಂದೇ ಕೋರ್ಸಿನಲ್ಲಿ ಆಡುತ್ತಾರೆ. ಯಾವ ಮರದಡಿ ಬಾಲ್ ಸಿಕ್ಕಿಕೊಳ್ಳುತ್ತದೆ, ಯಾವ ಗ್ರೀನ್ (ಹೋಲಿನ ಸುತ್ತಲಿನ ನುಣುಪು ಹುಲ್ಲು) ಎಡಕ್ಕೆ ಎಳೆಯುತ್ತದೆ ಎಲ್ಲವೂ ಬಾಯಿಪಾಠ. ಆಯ್ಕೆಯ ಪ್ರಶ್ನೆ ಏಳುವುದು ಊರು ಬಿಟ್ಟಾಗ. ಗೆಳೆಯರ ಗುಂಪು ಪಟ್ಟಾಯಾಕ್ಕೆ ಹೊರಟರೆ ಸಯಾಮ್ ಕಂಟ್ರಿ ಕ್ಲಬ್ಬಿನಲ್ಲಿ ನಾಲ್ಕು ಕೋರ್ಸ್‌ಗಳಿವೆ. ಅಮೆರಿಕದ ರಾಲಿಯಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋದವರಿಗೆ ಪೈನ್‌ಹರ್ಸ್ಟ್ ಕಾರಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ, ಅಲ್ಲಿ ಹತ್ತು ಕೋರ್ಸ್‌ಗಳಿವೆ. ಕೈಯಲ್ಲಿರುವುದು ಎರಡೋ ಮೂರೋ ದಿನ. ಯಾವುದನ್ನು ಆಡಬೇಕು, ಯಾವುದನ್ನು ಬಿಡಬೇಕು?

ರೆಸಾರ್ಟಿನ ಬ್ರೋಷರ್ ಉದ್ದ ಎಷ್ಟು ಯಾರ್ಡ್, ಡಿಸೈನರ್ ಯಾರು, ಯಾವ ದೊಡ್ಡ ಟೂರ್ನಮೆಂಟ್ ನಡೆದಿತ್ತು ಎಂದು ಹೇಳುತ್ತದೆ. ಇವೆಲ್ಲ ಚೆನ್ನಾಗಿ ಹೊಡೆಯುವವರಿಗೆ ಬೇಕಾದ ಮಾಹಿತಿ. 15-20 ಹ್ಯಾಂಡಿಕ್ಯಾಪಿನವರು (ಪಾರ್, ಅಂದರೆ ನಿಗದಿಯ ಹೊಡೆತಕ್ಕಿಂತ ಸುಮಾರು ಅಷ್ಟು ಹೆಚ್ಚು ತೆಗೆದುಕೊಳ್ಳುವವರು) ಕೇಳಬೇಕಾದದ್ದು ಬೇರೆ: ಹೊಡೆತ ತಪ್ಪಿದರೆ ಈ ಕೋರ್ಸ್ ಏನು ಮಾಡುತ್ತದೆ? ಬಾಲನ್ನೇ ಕಸಿದುಕೊಳ್ಳುತ್ತದೆಯೋ, ಬಾಲ್ ಕೊಟ್ಟು ಗ್ರೀನ್ ಬಳಿ ಕಷ್ಟದ ಚಿಪ್ (ಕಿರು ಹೊಡೆತ) ಕೊಡುತ್ತದೆಯೋ, ಇಲ್ಲ ಗ್ರೀನಿನ ಮೇಲೆ ಮೂರು ಪಟ್ ಮಾಡಿಸುತ್ತದೆಯೋ? ಒಂದು ಕೋರ್ಸಿನ ವಿನ್ಯಾಸವನ್ನು ಇನ್ನೊಂದರಿಂದ ಬೇರೆ ಮಾಡುವುದು ಮುಖ್ಯವಾಗಿ ಇದೇ.

ಮೊದಲು ನಿಮ್ಮದೇ ಕಾರ್ಡ್

ಕಳೆದ ಐದು ರೌಂಡಿನ ಕಾರ್ಡ್ ಹುಡುಕಿ. ಪ್ರತಿ ಹೋಲಿನಲ್ಲಿ ಪಾರ್‌ಗಿಂತ ಹೆಚ್ಚಾದ ಹೊಡೆತ ಎಲ್ಲಿ ಹೋಯಿತು ಎಂದು ಮೂರು ಕಾಲಂನಲ್ಲಿ ಗುರುತು ಹಾಕಿ. ಬಾಲ್ ಕಳೆದದ್ದು, ಔಟ್ ಆಫ್ ಬೌಂಡ್ಸ್ (ಕೋರ್ಸಿನ ಗಡಿಯಾಚೆ), ನೀರು ಮೊದಲ ಕಾಲಂ. ಗ್ರೀನಿನಿಂದ 40 ಯಾರ್ಡ್ ಒಳಗಿನ ಚಿಪ್, ಪಿಚ್, ಬಂಕರ್ (ಮರಳು ಗುಂಡಿ) ಎರಡನೆಯದು. ಮೂರು ಪಟ್ ಮೂರನೆಯದು. ಉಳಿದ ಸಾಧಾರಣ ಬೋಗಿಗಳನ್ನು (ಪಾರ್‌ಗಿಂತ ಒಂದು ಹೆಚ್ಚು) ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ನಮ್ಮ ಕಡೆಯ ಕಾರ್ಡುಗಳಲ್ಲಿ ಮೊದಲ ಕಾಲಂ ಯಾವಾಗಲೂ ಇರಬೇಕಾದದ್ದಕ್ಕಿಂತ ಚಿಕ್ಕದಾಗಿರುತ್ತದೆ, ಅದಕ್ಕೆ ಕಾರಣ ಆಗೇವಾಲಾ. ಮುಂದೆ ನಿಂತು ಕಣ್ಣಿಟ್ಟಿರುವ ಆತ ಪೊದೆಯೊಳಗಿನಿಂದಲೂ ಬಾಲ್ ಹುಡುಕಿ ಕೊಡುತ್ತಾನೆ. ವಿದೇಶದ ರೆಸಾರ್ಟುಗಳಲ್ಲಿ ಫೋರ್‌ಕ್ಯಾಡಿ ಬೇಕೆಂದು ಮೊದಲೇ ಹೇಳಿರದಿದ್ದರೆ ಬಾಲ್ ಹುಡುಕುವುದು ನಿಮ್ಮ ಪಾಡು, ಅದೂ ನಿಯಮದ ಪ್ರಕಾರ ಮೂರೇ ನಿಮಿಷ. ಆಮೇಲೆ ಒಂದು ಪೆನಾಲ್ಟಿ ಸೇರಿಸಿಕೊಂಡು ಹಿಂದಿನ ಜಾಗಕ್ಕೇ ಮರಳಬೇಕು. ಹಾಗಾಗಿ ಆಗೇವಾಲಾ ಹುಡುಕಿ ಕೊಟ್ಟ ಬಾಲ್‌ಗಳನ್ನೂ ನೆನಪು ಮಾಡಿಕೊಂಡು ಮೊದಲ ಕಾಲಂಗೆ ಸೇರಿಸಿ. ಈ ಒಂದು ತಿದ್ದುಪಡಿಯಿಂದಲೇ ಎಷ್ಟೋ ಜನರ ಆಯ್ಕೆ ಬದಲಾಗುತ್ತದೆ.

ಸ್ಲೋಪ್ ಮತ್ತು ರೇಟಿಂಗ್

ಸ್ಕೋರ್‌ಕಾರ್ಡಿನಲ್ಲಿ ಪ್ರತಿ ಟೀಗೂ (ಹೋಲಿನ ಮೊದಲ ಹೊಡೆತದ ಜಾಗ, ಹಿಂದೆ ಮುಂದೆ ಹಲವು ಇರುತ್ತವೆ) ಎರಡು ಸಂಖ್ಯೆ ಇರುತ್ತದೆ. ಕೋರ್ಸ್ ರೇಟಿಂಗ್ ಎಂದರೆ ಸ್ಕ್ರ್ಯಾಚ್ (ಹ್ಯಾಂಡಿಕ್ಯಾಪ್ ಸೊನ್ನೆಯ) ಆಟಗಾರ ಆ ಟೀಯಿಂದ ಮಾಡಬಹುದಾದ ಸ್ಕೋರ್. ಸ್ಲೋಪ್ ಎಂದರೆ ಸ್ಕ್ರ್ಯಾಚ್ ಆಟಗಾರನಿಗಿಂತ ಬೋಗಿ ಆಟಗಾರನಿಗೆ (ಹ್ಯಾಂಡಿಕ್ಯಾಪ್ ಸುಮಾರು 20) ಕೋರ್ಸ್ ಎಷ್ಟು ಹೆಚ್ಚು ಕಷ್ಟ ಎನ್ನುವುದರ ಅಳತೆ. ಅದು 55ರಿಂದ 155ರವರೆಗೆ ಇರಬಹುದು, ಸಾಧಾರಣ ಕಷ್ಟದ ಕೋರ್ಸಿನದು 113. ಲೆಕ್ಕ ಹೀಗೆ: ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ, 113ರಿಂದ ಭಾಗಿಸಿ, ಅದಕ್ಕೆ ರೇಟಿಂಗಿನಿಂದ ಪಾರ್ ಕಳೆದು ಬಂದದ್ದನ್ನು ಸೇರಿಸಿ.

ಇಂಡೆಕ್ಸ್ 18 ಎಂದಿಟ್ಟುಕೊಳ್ಳಿ. ಸ್ಲೋಪ್ 118, ರೇಟಿಂಗ್ 69, ಪಾರ್ 72 ಇರುವ ಟೀಯಲ್ಲಿ 18.8ರಿಂದ 3 ಕಳೆದು 15.8, ಅಂದರೆ 16 ಹೊಡೆತ ಸಿಗುತ್ತದೆ. ಸ್ಲೋಪ್ 138, ರೇಟಿಂಗ್ 73, ಪಾರ್ 72 ಇರುವ ಕಡೆ 22ಕ್ಕೆ 1 ಸೇರಿ 23. ಒಂದೇ ರೆಸಾರ್ಟ್, ಒಬ್ಬನೇ ಆಟಗಾರ, ಏಳು ಹೊಡೆತದ ಅಂತರ. ಗುಂಪಿನಲ್ಲಿ ಪಂದ್ಯ ಕಟ್ಟಿಕೊಂಡು ಆಡುವವರು ಕೋರ್ಸ್ ಬದಲಾದಾಗಲೆಲ್ಲ ಈ ಲೆಕ್ಕವನ್ನು ಹೊಸದಾಗಿ ಮಾಡಲೇಬೇಕು. ಇಲ್ಲದಿದ್ದರೆ ಹೆಚ್ಚು ಹ್ಯಾಂಡಿಕ್ಯಾಪಿನವರಿಗೆ ಕಷ್ಟದ ಕೋರ್ಸಿನಲ್ಲಿ ಅನ್ಯಾಯವಾಗುತ್ತದೆ.

ಎರಡು ಸಂಖ್ಯೆಗಳನ್ನು ಜೋಡಿಯಾಗಿಯೇ ಓದಿ. ರೇಟಿಂಗ್ ಕಡಿಮೆ ಇದ್ದು ಸ್ಲೋಪ್ ಹೆಚ್ಚಿದ್ದರೆ ಕೋರ್ಸ್ ಉದ್ದವಲ್ಲ, ಆದರೆ ಅಡ್ಡ ಹೋದ ಬಾಲನ್ನು ಬಿಡುವುದಿಲ್ಲ: ನೀರು, ಕಾಡು, ಇಕ್ಕಟ್ಟು. ರೇಟಿಂಗ್ ಹೆಚ್ಚಿದ್ದು ಸ್ಲೋಪ್ ಸಾಧಾರಣ ಇದ್ದರೆ ಉದ್ದವೇ ಮುಖ್ಯ ಕಷ್ಟ, ಮುಂದಿನ ಟೀಗೆ ಹೋದರೆ ಅರ್ಧ ಪರಿಹಾರವಾದಂತೆ.

ಟೀ ಆಯ್ಕೆಗೆ ಸುಲಭದ ಸೂತ್ರ: ನಿಮ್ಮ 5 ಐರನ್ ಕ್ಲಬ್ಬಿನ ಹೊಡೆತ ಸಾಮಾನ್ಯವಾಗಿ ಹೋಗುವ ದೂರವನ್ನು 36ರಿಂದ ಗುಣಿಸಿ. 150 ಯಾರ್ಡ್ ಹೊಡೆಯುವವರಿಗೆ 5,400 ಯಾರ್ಡ್. ಪುಣೆಯವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಅಲ್ಲಿ ಬಾಲ್ ಶೇಕಡ 2ರಷ್ಟು ಹೆಚ್ಚು ಹಾರುತ್ತದೆ. ಕಡಲ ತೀರದ ಕೋರ್ಸಿಗೆ ಇಳಿದರೆ 150 ಎನ್ನುವುದು 147 ಆಗುತ್ತದೆ. ಮೂರು ಯಾರ್ಡ್ ಚಿಕ್ಕದೆನಿಸಬಹುದು, ಆದರೆ ಗ್ರೀನಿನ ಮುಂದೆ ನೀರಿದ್ದರೆ ಅದೇ ನಿರ್ಣಾಯಕ. ಮುಂದಿನ ಟೀಯಿಂದ ಆಡಿದರೆ ಮರ್ಯಾದೆ ಹೋದಂತೆ ಎಂಬ ಭಾವನೆ ನಮ್ಮ ಗುಂಪುಗಳಲ್ಲಿ ಇನ್ನೂ ಇದೆ. ಅದನ್ನು ಬಿಡಬೇಕು. ಡಿಸೈನರ್ ಬಂಕರ್ ಇಟ್ಟದ್ದು ಡ್ರೈವ್ ಬೀಳುವ ಜಾಗದಲ್ಲಿ. ತಪ್ಪು ಟೀಯಿಂದ ಆಡಿದರೆ ಆ ಬಂಕರುಗಳು ನಿಮ್ಮ ಆಟಕ್ಕೆ ಸಂಬಂಧವೇ ಇಲ್ಲದವಾಗುತ್ತವೆ, ವಿನ್ಯಾಸ ನೋಡಲು ಹೋದವರಿಗೆ ವಿನ್ಯಾಸವೇ ಕಾಣುವುದಿಲ್ಲ.

ಪೈನ್‌ಹರ್ಸ್ಟ್ ನಂಬರ್ 2: ಬಾಲ್ ಕಳೆಯುವುದಿಲ್ಲ, ಹೊಡೆತ ಕಳೆಯುತ್ತದೆ

1895ರಲ್ಲಿ ಶುರುವಾದ ಈ ರೆಸಾರ್ಟಿಗೆ ಕೋರ್ಸ್ ಡಿಸೈನರ್ ಡೊನಾಲ್ಡ್ ರಾಸ್ 1900ರಲ್ಲಿ ಬಂದರು. ನಂಬರ್ 2 ತೆರೆದದ್ದು 1907ರಲ್ಲಿ. 1948ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ತಿದ್ದುತ್ತಲೇ ಇದ್ದರು. ಪುರುಷರ ಯು.ಎಸ್. ಓಪನ್ ಇಲ್ಲಿ 1999, 2005, 2014 ಮತ್ತು 2024ರಲ್ಲಿ ನಡೆದಿದೆ. ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಷಾ 2011ರಲ್ಲಿ ಮುಗಿಸಿದ ಜೀರ್ಣೋದ್ಧಾರದಲ್ಲಿ ಫೇರ್‌ವೇ (ಟೀಯಿಂದ ಗ್ರೀನಿನವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಅಂಚಿನ ದಟ್ಟ ಹುಲ್ಲನ್ನು ಕಿತ್ತು ಮರಳು ಮತ್ತು ವೈರ್‌ಗ್ರಾಸ್ ಎಂಬ ಒರಟು ಹುಲ್ಲಿನ ಪೊದೆಗಳನ್ನು ಮರಳಿ ತಂದರು.

ಟೀಯಲ್ಲಿ ನಿಂತರೆ ಇದು ಮುಂಬೈ ಗಾಲ್ಫರಿಗೆ ಹಬ್ಬ. ಫೇರ್‌ವೇ ಅಗಲ, ನೀರಿನ ಕಾಟ ಇಲ್ಲವೆಂದೇ ಹೇಳಬೇಕು, ಸ್ಲೈಸ್ ಆಗಿ ಪಕ್ಕಕ್ಕೆ ಬಾಗಿದ ಬಾಲ್ ಪೈನ್ ಮರಗಳಡಿಯ ಮರಳಿನಲ್ಲಿ ಕಣ್ಣಿಗೆ ಕಾಣುವಂತೆ ಕೂತಿರುತ್ತದೆ. ಕಷ್ಟ ಶುರುವಾಗುವುದು ಗ್ರೀನಿನ ಹತ್ತಿರ. ಬೋರಲು ಹಾಕಿದ ತಟ್ಟೆಯಂತೆ ನಡು ಉಬ್ಬಿ ಅಂಚು ಇಳಿದ ಗ್ರೀನುಗಳು ಇವು. ಅಳತೆಯಲ್ಲಿ ದೊಡ್ಡವೇ, ಆದರೆ ಬಾಲ್ ನಿಲ್ಲುವ ಜಾಗ ಅದರ ಒಂದು ಭಾಗ ಮಾತ್ರ. ಅಂಚಿಗೆ ಬಿದ್ದ ಬಾಲ್ ಮೆಲ್ಲಗೆ ಉರುಳಿ ಕೆಳಗಿನ ತಗ್ಗಿಗೆ ಇಳಿಯುತ್ತದೆ. ಅಲ್ಲಿ ಹುಲ್ಲನ್ನು ಕುಳ್ಳಗೆ ಕತ್ತರಿಸಿರುತ್ತಾರೆ, ವೆಡ್ಜ್ ಕೆಳಗೆ ಜಾರಿಸಲು ಹುಲ್ಲಿನ ಮೆತ್ತೆ ಇರುವುದಿಲ್ಲ. ಸ್ವಲ್ಪ ಹಿಂದೆ ತಾಗಿದರೆ ಬಾಲ್ ಅರ್ಧ ದಾರಿ ಹತ್ತಿ ಕಾಲ ಬಳಿಗೇ ಮರಳುತ್ತದೆ. ಸ್ವಲ್ಪ ಮೇಲೆ ತಾಗಿದರೆ ಉಬ್ಬು ದಾಟಿ ಆಚೆ ಬದಿಗೆ ಇಳಿಯುತ್ತದೆ. ಒಂದೇ ಹೋಲಿಗೆ ಏಳು, ಎಂಟು ಹೊಡೆತ ಆಗುವುದು ಹೀಗೆ.

ಪರಿಹಾರ ಎರಡು. ಬಾವುಟ ಎಲ್ಲೇ ಇರಲಿ, ಗ್ರೀನಿನ ನಡುವಿಗೇ ಗುರಿ ಇಡಿ. ತಗ್ಗಿಗೆ ಇಳಿದ ಬಾಲನ್ನು ಪಟರಿನಿಂದಲೇ ಹತ್ತಿಸಿ, ಇಲ್ಲವೇ ಹೈಬ್ರಿಡ್ ಹಿಡಿದು ಪಟ್ ಮಾಡುವಂತೆ ತಳ್ಳಿ. ಪಟರಿನ ಕೆಟ್ಟ ಹೊಡೆತ ಐದಾರು ಹೆಜ್ಜೆ ತಪ್ಪುತ್ತದೆ, ಲಾಬ್ ವೆಡ್ಜಿನ ಕೆಟ್ಟ ಹೊಡೆತ ಇಪ್ಪತ್ತು ಹೆಜ್ಜೆ ತಪ್ಪುತ್ತದೆ.

ಮರಳಿನ ವಿಷಯದಲ್ಲಿ ನಿಯಮವನ್ನೂ ತಿಳಿದಿರಬೇಕು. ವೈರ್‌ಗ್ರಾಸ್ ಬೆಳೆದ ಹರಡು ಮರಳು ಬಂಕರ್ ಅಲ್ಲ. ಅಲ್ಲಿ ಕ್ಲಬ್ ನೆಲಕ್ಕೆ ತಾಗಿಸಬಹುದು, ಪ್ರಾಕ್ಟೀಸ್ ಸ್ವಿಂಗಿನಲ್ಲಿ ಮರಳು ತಾಗಿದರೂ ಪೆನಾಲ್ಟಿ ಇಲ್ಲ. ಬಂಕರಿನಲ್ಲಿ ಹಾಗೆ ಮಾಡುವಂತಿಲ್ಲ. ಆದರೆ ಎಲ್ಲ ಕಡೆ ಇದೇ ಲೆಕ್ಕವಲ್ಲ. 2010ರ ಪಿ.ಜಿ.ಎ. ಚಾಂಪಿಯನ್‌ಶಿಪ್ ನಡೆದ ವಿಸ್ಲಿಂಗ್ ಸ್ಟ್ರೇಟ್ಸಿನಲ್ಲಿ ಎಲ್ಲ ಮರಳನ್ನೂ ಬಂಕರ್ ಎಂದೇ ಘೋಷಿಸಿದ್ದರು. ಕೊನೆಯ ಹೋಲಿನಲ್ಲಿ ಜನ ತುಳಿದ ಮರಳಿಗೆ ಕ್ಲಬ್ ತಾಗಿಸಿದ ಡಸ್ಟಿನ್ ಜಾನ್ಸನ್‌ಗೆ ಎರಡು ಹೊಡೆತ ಪೆನಾಲ್ಟಿ ಬಿದ್ದು ಪ್ಲೇಆಫ್ ಕೈತಪ್ಪಿತು. ಮೊದಲ ಟೀಯಲ್ಲಿ ಆಟ ಶುರು ಮಾಡಿಸುವ ಸ್ಟಾರ್ಟರ್‌ನನ್ನು ಕೇಳುವ ಮೊದಲ ಪ್ರಶ್ನೆ ಇದೇ ಆಗಿರಲಿ.

ಒಟ್ಟಿನಲ್ಲಿ, ಮೊದಲ ಕಾಲಂ ತುಂಬಿದವರಿಗೆ ನಂಬರ್ 2 ಒಳ್ಳೆಯದು, ಎರಡನೆಯದು ತುಂಬಿದವರಿಗೆ ಕಠಿಣ. ಮರಗಳ ನಡುವಿನ ಇಕ್ಕಟ್ಟಿನಲ್ಲಿ ನೇರ ಹೊಡೆದು ಅಭ್ಯಾಸವಿರುವ ಯೆರವಡಾ, ಚೆಂಬೂರಿನ ಆಟಗಾರರು ಇಲ್ಲಿ ಡ್ರೈವ್‌ಗಳೆಲ್ಲ ಸರಿಯಾಗಿಯೂ ನೂರು ದಾಟುವುದಕ್ಕೆ ಕಾರಣ ಇದೇ: ಅವರ ಬಲ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅದೇ ಆವರಣದ ಬೇರೆ ಕೋರ್ಸ್‌ಗಳು

ನಂಬರ್ 4 ಇದರ ಪಕ್ಕದಲ್ಲೇ ಇದೆ, ಅದೇ ಮರಳು ನೆಲ. ಗಿಲ್ ಹ್ಯಾನ್ಸ್ 2018ರಲ್ಲಿ ಹೊಸದಾಗಿ ರೂಪಿಸಿದ್ದು. 2019ರ ಯು.ಎಸ್. ಅಮೆಚೂರ್ ಫೈನಲ್ ಇವೆರಡರ ಮೇಲೂ ನಡೆಯಿತು. ನೆಲದ ಏರಿಳಿತ ಇಲ್ಲಿ ಹೆಚ್ಚು, ಕೆಲವು ಕಡೆ ನೀರು ಸಿಗುತ್ತದೆ, ಟೀಯಿಂದ ಗುರಿ ಆರಿಸಬೇಕಾಗುತ್ತದೆ. ಅದರ ಬದಲಿಗೆ ಗ್ರೀನುಗಳು ನಂಬರ್ 2ರಷ್ಟು ಬಾಲನ್ನು ಹೊರಗೆ ತಳ್ಳುವುದಿಲ್ಲ. ಎರಡರಲ್ಲಿ ಒಂದನ್ನೇ ಆಡಲು ಸಾಧ್ಯ, ಚಿಪ್ ಮಾಡುವ ಕೈ ಅಷ್ಟಕ್ಕಷ್ಟೇ ಎನ್ನುವವರು ನಂಬರ್ 4 ಆರಿಸಿದರೆ ಹೆಚ್ಚು ಸಂತೋಷದಿಂದ ಮರಳುತ್ತಾರೆ. ಇದು ಹಲವರಿಗೆ ಹಿಡಿಸದ ಸಲಹೆ, ಯಾಕೆಂದರೆ ಹೆಸರಿರುವುದು ನಂಬರ್ 2ಕ್ಕೆ.

ನಂಬರ್ 8, ರೆಸಾರ್ಟಿನ ಶತಮಾನೋತ್ಸವಕ್ಕೆಂದು ಟಾಮ್ ಫಾಜಿಯೊ ಮಾಡಿದ ಕೋರ್ಸ್, 1996ರಲ್ಲಿ ತೆರೆಯಿತು. ಜೌಗು ನೆಲ, ಪೈನ್ ಕಾಡು, ಬೇರೆಯೇ ಕ್ಲಬ್‌ಹೌಸ್. ಒಂದು ಹೋಲಿನಿಂದ ಇನ್ನೊಂದು ಕಾಣದಷ್ಟು ಏಕಾಂತ. ಎದುರಿಗೆ ಏನಿದೆ ಎಂಬುದು ಟೀಯಿಂದಲೇ ಸ್ಪಷ್ಟ, ಆದರೆ ಜೌಗಿಗೆ ಹೋದ ಬಾಲ್ ಹೋದಂತೆಯೇ. ನೇರ ಹೊಡೆದು ಗ್ರೀನ್ ಬಳಿ ಸೋಲುವವರಿಗೆ ಇದು ನಂಬರ್ 2ಗಿಂತ ಹತ್ತಿರದ ಸಂಬಂಧಿ.

ಟಾಮ್ ಡೋಕ್‌ರ ನಂಬರ್ 10 ತೆರೆದದ್ದು 2024ರಲ್ಲಿ, ಹಳೆಯ ಮರಳು ಗಣಿ ಇದ್ದ ಜಾಗದಲ್ಲಿ, ಮುಖ್ಯ ಕ್ಲಬ್‌ಹೌಸಿನಿಂದ ಕೆಲವು ಮೈಲಿ ದಕ್ಷಿಣಕ್ಕೆ. ಗಣಿಯವರು ಬಿಟ್ಟುಹೋದ ಗುಡ್ಡೆಗಳನ್ನೇ ಆಟಕ್ಕೆ ಬಳಸಿಕೊಂಡಿದ್ದಾರೆ. ಖಾರ್‌ಘರಿನಲ್ಲೋ ಪುಣೆಯ ಪಶ್ಚಿಮಕ್ಕಿರುವ ಆಕ್ಸ್‌ಫರ್ಡ್ ಕೋರ್ಸಿನ ಗುಡ್ಡದ ಇಳಿಜಾರಿನಲ್ಲೋ ಆಡಿದವರಿಗೆ ಏರಿಳಿತ ಹೊಸದಲ್ಲ. ಬಾಲ್ ಪಾದಕ್ಕಿಂತ ಮೇಲಿದ್ದರೆ (ಬಲಗೈ ಆಟಗಾರರಿಗೆ) ಎಡಕ್ಕೆ ಹೋಗುತ್ತದೆ, ಕೆಳಗಿದ್ದರೆ ಬಲಕ್ಕೆ. ಗ್ರೀನ್ ಹತ್ತು ಯಾರ್ಡ್ ಎತ್ತರದಲ್ಲಿದ್ದರೆ ಸುಮಾರು ಹತ್ತು ಯಾರ್ಡ್ ಸೇರಿಸಿ ಹೊಡೆಯಬೇಕು. ಬೇರೆಯಾಗುವುದು ನೆಲ. ಪುಣೆಯ ಕಪ್ಪು ಮಣ್ಣು, ಮುರುಮು ಮಳೆಗಾಲದಲ್ಲಿ ಬಾಲನ್ನು ಬಿದ್ದಲ್ಲೇ ಹಿಡಿಯುತ್ತದೆ. ಮರಳು ನೆಲ ನೀರನ್ನು ಕುಡಿದು ಗಟ್ಟಿಯಾಗಿಯೇ ಉಳಿಯುತ್ತದೆ, ಬಾಲ್ ಬಿದ್ದ ಮೇಲೂ ಓಡುತ್ತದೆ. ಆದ್ದರಿಂದ ಗ್ರೀನಿಗೆ ಮೊದಲೇ ಬೀಳಿಸಿ ಉರುಳಿಸುವುದನ್ನು ಕಲಿಯಬೇಕು.

ಮೊದಲ ದಿನ ವಿಮಾನದ ಆಯಾಸ ಇದ್ದರೆ ದೊಡ್ಡ ಕೋರ್ಸಿಗೆ ಹೋಗಲೇಬೇಡಿ. ಬೇಸಿಗೆಯಲ್ಲಿ ಅಲ್ಲಿನ ಸಮಯ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುತ್ತದೆ. ಕ್ರೇಡಲ್ ಎಂಬ ಒಂಬತ್ತು ಹೋಲಿನ ಪುಟ್ಟ ಕೋರ್ಸ್ (ಒಟ್ಟು 789 ಯಾರ್ಡ್, ಎಲ್ಲ ಪಾರ್ 3) ಮುಖ್ಯ ಕ್ಲಬ್‌ಹೌಸಿನ ಎದುರಿಗೇ ಇದೆ. ಎರಡು ವೆಡ್ಜ್, ಒಂದು ಪಟರ್ ಹಿಡಿದು ಹೊರಟರೆ ಮರುದಿನಕ್ಕೆ ಬೇಕಾದ ಚಿಪ್ಪಿನ ಪಾಠ ಅಲ್ಲೇ ಆಗುತ್ತದೆ. ಗಾಲ್ಫ್ ಆಡದ ಮನೆಯವರನ್ನೂ ಕರೆದೊಯ್ಯಬಹುದು. ರಾಸ್ ಅವರದೇ ನಂಬರ್ 3 ಚಿಕ್ಕದು, ಪಾರ್ 68. ಡ್ರೈವ್ 180 ಯಾರ್ಡಿಗೆ ನಿಲ್ಲುವ ಹಿರಿಯರಿಗೆ ಉತ್ತಮ ಆಯ್ಕೆ.

ನೀರು ದಾಟಿಸುವ ಕೋರ್ಸ್, ಗಾಳಿಯ ಕೋರ್ಸ್

ಮೇಲಿನವುಗಳಲ್ಲಿ ತಪ್ಪಿದವರಿಗೆ ಬೇರೆ ದಾರಿ ಇರುತ್ತದೆ. ದಾರಿಯೇ ಇಲ್ಲದ ವಿನ್ಯಾಸವೂ ಉಂಟು. ಫ್ಲಾರಿಡಾದ ಟಿ.ಪಿ.ಸಿ. ಸಾಗ್ರಾಸ್‌ನಲ್ಲಿ ಪೀಟ್ ಡೈ ಮಾಡಿ 1980ರಲ್ಲಿ ತೆರೆದ ಸ್ಟೇಡಿಯಂ ಕೋರ್ಸಿನ 17ನೇ ಹೋಲ್ ಕೇವಲ 137 ಯಾರ್ಡ್, ಆದರೆ ಗ್ರೀನಿನ ಸುತ್ತ ನೀರು. ಎಡಕ್ಕೂ ಬಲಕ್ಕೂ ಸುರಕ್ಷಿತ ಜಾಗವಿಲ್ಲ. ಅಲ್ಲೇ ಇರುವ ಇನ್ನೊಂದು ಕೋರ್ಸ್ ಡೈಸ್ ವ್ಯಾಲಿ, ಹೆಸರು ಕಡಿಮೆ, ಆಟ ನೆಮ್ಮದಿ. ಮೊದಲ ಕಾಲಂನಲ್ಲಿ ನೀರೇ ತುಂಬಿರುವವರು ಸ್ಟೇಡಿಯಂ ಕೋರ್ಸನ್ನು ಒಂದು ದಿನದ ಅನುಭವವೆಂದು ಆಡಲಿ, ಸ್ಕೋರ್ ಲೆಕ್ಕಿಸುವ ಪಂದ್ಯವನ್ನು ಅಲ್ಲಿ ಇಟ್ಟುಕೊಳ್ಳಬಾರದು. ಹಳದಿ ಗೂಟವಿದ್ದರೆ ಬಾಲ್ ಕೊನೆಯದಾಗಿ ದಾಟಿದ ಬಿಂದುವಿನ ಹಿಂದಿನ ನೇರಕ್ಕೆ ಅಥವಾ ಹೊಡೆದ ಜಾಗಕ್ಕೇ ಹೋಗಬೇಕು, ಕೆಂಪು ಗೂಟವಿದ್ದರೆ ಮಾತ್ರ ಪಕ್ಕದಲ್ಲಿ ಎರಡು ಕ್ಲಬ್ ಉದ್ದದ ಒಳಗೆ ಡ್ರಾಪ್ ಮಾಡುವ ಅವಕಾಶವಿದೆ.

ಗಾಳಿ ಇನ್ನೊಂದು ಬಗೆ. ಅಮೆರಿಕದ ಪಶ್ಚಿಮ ಕರಾವಳಿಯ ಬ್ಯಾಂಡನ್ ಡ್ಯೂನ್ಸಿನಲ್ಲಿ 18 ಹೋಲಿನ ಐದು ಕೋರ್ಸ್‌ಗಳಿವೆ: 1999ರ ಬ್ಯಾಂಡನ್ ಡ್ಯೂನ್ಸ್, 2001ರ ಪೆಸಿಫಿಕ್ ಡ್ಯೂನ್ಸ್, 2005ರ ಬ್ಯಾಂಡನ್ ಟ್ರೇಲ್ಸ್, 2010ರ ಓಲ್ಡ್ ಮ್ಯಾಕ್‌ಡೊನಾಲ್ಡ್, 2020ರ ಶೀಪ್ ರ‍್ಯಾಂಚ್. ಎಲ್ಲವನ್ನೂ ನಡೆದೇ ಆಡಬೇಕು. ಟ್ರೇಲ್ಸ್ ಹೆಚ್ಚಾಗಿ ಕಾಡಿನೊಳಗೆ ಹೋಗುವುದರಿಂದ ಜೋರು ಗಾಳಿಯ ದಿನಕ್ಕೆ ಅದು ಆಸರೆ. ಶೀಪ್ ರ‍್ಯಾಂಚಿನಲ್ಲಿ ಒಂದೂ ಮರಳು ಬಂಕರ್ ಇಲ್ಲ, ಇಡೀ ಕಷ್ಟ ಗಾಳಿಯದು ಮತ್ತು ನೆಲದ ಅಂಕುಡೊಂಕಿನದು. ಎದುರುಗಾಳಿಗೆ ಗಂಟೆಗೆ ಒಂದು ಮೈಲಿಗೆ ದೂರದ ಶೇಕಡ 1 ಸೇರಿಸಿ, ಹಿಂಗಾಳಿಗೆ ಅದರ ಅರ್ಧ ಕಳೆಯಿರಿ. 15 ಮೈಲಿಯ ಎದುರುಗಾಳಿಯಲ್ಲಿ 140 ಯಾರ್ಡ್ ಎಂದರೆ 161. ಜೋರಾಗಿ ಹೊಡೆದರೆ ಸ್ಪಿನ್ ಹೆಚ್ಚಿ ಬಾಲ್ ಇನ್ನೂ ಮೇಲೇಳುತ್ತದೆ. ಎರಡು ಕ್ಲಬ್ ದೊಡ್ಡದು ಹಿಡಿದು ಮುಕ್ಕಾಲು ಸ್ವಿಂಗ್ ಮಾಡುವುದೇ ಸರಿ. ಇದರ ಅಭ್ಯಾಸಕ್ಕೆ ಕೊಲಾಬಾದ ಯು.ಎಸ್. (ಯುನೈಟೆಡ್ ಸರ್ವಿಸಸ್) ಕ್ಲಬ್ಬಿನ ಕಡಲ ಗಾಳಿ ಸಾಕು. ಪ್ರವೇಶ ಸಿಗದವರಿಗೆ ದಕ್ಷಿಣ ಗೋವಾದ ಕಾಣಕೋಣದಲ್ಲಿ ಲಲಿತ್ ರೆಸಾರ್ಟಿನ ಒಂಬತ್ತು ಹೋಲಿನ ಕೋರ್ಸ್ ಇದೆ.

ಹತ್ತಿರದ ಪಟ್ಟಾಯಾ

ಹೆಚ್ಚಿನ ಗುಂಪುಗಳು ಹೋಗುವುದು ಇಲ್ಲಿಗೇ. ಸಯಾಮ್ ಕಂಟ್ರಿ ಕ್ಲಬ್ಬಿನ ಓಲ್ಡ್ ಕೋರ್ಸ್ ಮರಗಳ ನಡುವಿನದು, ಮಹಿಳೆಯರ ಎಲ್.ಪಿ.ಜಿ.ಎ. ಟೂರ್ನಮೆಂಟ್ ನಡೆಯುವ ಜಾಗ. ಚೆಂಬೂರಿನವರಿಗೆ ಟೀಯಿಂದ ಮನೆಯಂತೆಯೇ, ಗ್ರೀನುಗಳು ಮಾತ್ರ ಹೆಚ್ಚು ವೇಗ, ಹೆಚ್ಚು ಏರಿಳಿತ. ಪ್ಲಾಂಟೇಶನ್ ಕೋರ್ಸಿನಲ್ಲಿ ಒಂಬತ್ತರ ಮೂರು ಜೋಡಣೆ: ಶುಗರ್ ಕೇನ್, ಟಾಪಿಯೋಕಾ, ಪೈನಾಪಲ್. ಯಾವ ಎರಡು ಸಿಗುತ್ತದೆ ಎಂದು ಬುಕಿಂಗಿನಲ್ಲೇ ಬರೆಸಿಕೊಳ್ಳಿ. ಹೆಸರೇ ಹೇಳುವಂತೆ ವಾಟರ್‌ಸೈಡಿನಲ್ಲಿ ಕೆರೆಗಳು, ರೋಲಿಂಗ್ ಹಿಲ್ಸಿನಲ್ಲಿ ಅಲೆಯಲೆಯ ನೆಲ. ಕ್ಯಾಡಿ ಕಡ್ಡಾಯ, ಆದ್ದರಿಂದ ಬಾಲ್ ಹುಡುಕುವ ಚಿಂತೆ ಅರ್ಧ ಕಡಿಮೆ. ನಮ್ಮ ಮಳೆಗಾಲ ತಪ್ಪಿಸಿಕೊಳ್ಳಲು ಜುಲೈ-ಆಗಸ್ಟಿನಲ್ಲಿ ಹೊರಡುವವರು ಅಲ್ಲೂ ಆಗ ಮಳೆಗಾಲವೇ ಎಂಬುದನ್ನು ಮರೆಯುತ್ತಾರೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು.

ಬ್ಯಾಗಿನಲ್ಲಿ ಏನಿರಬೇಕು

ಗಟ್ಟಿ ನೆಲಕ್ಕೆ ಬೌನ್ಸ್ (ಕ್ಲಬ್ಬಿನ ತಳದ ಕೋನ) 4ರಿಂದ 8 ಡಿಗ್ರಿಯ ವೆಡ್ಜ್, ಒದ್ದೆ ಹುಲ್ಲಿಗೂ ಮೆತ್ತನೆಯ ಮರಳಿಗೂ 10ರಿಂದ 14ರದು. ಹೆಚ್ಚು ಬೌನ್ಸಿನ ವೆಡ್ಜ್ ಗಟ್ಟಿ ನೆಲಕ್ಕೆ ಬಡಿದು ಎಗರುತ್ತದೆ, ಬಾಲ್ ನಡುವಿಗೆ ಅಂಚು ತಾಗುತ್ತದೆ. ಲಾಫ್ಟ್ (ಕ್ಲಬ್ ಮುಖದ ಓರೆ) 56 ಡಿಗ್ರಿಯದು ಹೆಚ್ಚು ಬೌನ್ಸಿನದು, 60ರದು ಕಡಿಮೆ ಬೌನ್ಸಿನದು ಇಟ್ಟುಕೊಂಡರೆ ಎರಡೂ ಬಗೆಯ ಕೋರ್ಸಿಗೆ ಸಾಕು.

ಬರ್ಮುಡಾ ಹುಲ್ಲಿನ ಗ್ರೀನಿನಲ್ಲಿ ಹುಲ್ಲು ವಾಲಿದ ದಿಕ್ಕು ನೋಡಲು ನಮ್ಮವರಿಗೆ ಹೇಳಿಕೊಡಬೇಕಿಲ್ಲ: ಹೊಳೆಯುತ್ತಿದ್ದರೆ ಬಾಲ್ ಹುಲ್ಲಿನ ಜತೆ ಓಡುತ್ತದೆ, ಮಂಕಾಗಿದ್ದರೆ ಎದುರಾಗಿ ನಿಲ್ಲುತ್ತದೆ. ನಂಬರ್ 2ರ ಗ್ರೀನೂ 2014ರ ಓಪನ್ ಬಳಿಕ ಬರ್ಮುಡಾ ಜಾತಿಯದೇ. ಹಾಗೆಂದು ನಮ್ಮ ಕೋರ್ಸಿನ ವೇಗ ಅಂದುಕೊಳ್ಳಬೇಡಿ. ಪ್ರಾಕ್ಟೀಸ್ ಗ್ರೀನಿನಲ್ಲಿ ಬಾವುಟದ ಹೋಲುಗಳನ್ನು ಬಿಟ್ಟು, ಹತ್ತು ಹೆಜ್ಜೆಯ ಪಟ್ಟನ್ನು ಇಳಿಜಾರಿನಲ್ಲಿ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಹತ್ತು ನಿಮಿಷ ಹೊಡೆಯಿರಿ.

ಬುಕ್ ಮಾಡುವಾಗ ಇನ್ನು ಮೂರು ವಿಷಯ ಕೇಳಿಕೊಳ್ಳಬೇಕು. ನಂಬರ್ 2ಕ್ಕೆ ರೆಸಾರ್ಟಿನಲ್ಲಿ ತಂಗುವುದು ಮತ್ತು ಪ್ಯಾಕೇಜಿನ ಮೇಲೆ ಹೆಚ್ಚುವರಿ ಶುಲ್ಕ ಸಾಮಾನ್ಯ, ಆ ಮೊತ್ತ ಒಟ್ಟಿನಲ್ಲಿ ಸೇರಿದೆಯೇ? ಆ ವಾರ ಯಾವುದಾದರೂ ಕೋರ್ಸಿನ ಗ್ರೀನಿಗೆ ತೂತು ಹೊಡೆದು ಮರಳು ತುಂಬುವ ಕೆಲಸ ಇದೆಯೇ? ಇದ್ದರೆ ಗ್ರೀನ್ ಮೊದಲಿನ ವೇಗಕ್ಕೆ ಬರಲು ಎರಡು-ಮೂರು ವಾರ ಬೇಕು, ಆ ಕೋರ್ಸನ್ನು ಬಿಟ್ಟು ಬೇರೆಯದಕ್ಕೆ ಬದಲಾಯಿಸಿಕೊಳ್ಳಿ. ಕಾರ್ಟ್ ಫೇರ್‌ವೇಗೆ ಇಳಿಯಬಹುದೇ, ದಾರಿಯ ಮೇಲೆಯೇ ನಿಲ್ಲಬೇಕೇ? ಮೊಣಕಾಲು ನೋವಿರುವವರು ಗುಂಪಿನಲ್ಲಿದ್ದರೆ ಕೋರ್ಸ್ ಆರಿಸುವಾಗ ಡಿಸೈನರ್ ಹೆಸರಿಗಿಂತ ಈ ಉತ್ತರವೇ ಮೊದಲು.